ಪಾಲಮ್ಮನ ಮೊದಲ ಸಾಲು

ಗಾಳೆಪ್ಪ ಪ್ರಬಂಧ ಕಲಿಸುವ ದಿನ ಪಕ್ಕದ ತರಗತಿಯ ಹುಡುಗರೂ ಕಿಟಕಿಗೆ ಬಂದು ನಿಲ್ಲುತ್ತಿದ್ದರು. ಚಿಗಟೇರಿಯಿಂದ ನಾಲ್ಕು ಮೈಲಿ ಒಳಗಿದ್ದ ಹಳ್ಳಿಯ ಹೈಸ್ಕೂಲು ಅದು. ಅವನು ಅಲ್ಲಿಗೆ ಕನ್ನಡ ಮೇಷ್ಟ್ರಾಗಿ ಬಂದದ್ದು ೧೯೭೮ರಲ್ಲಿ. ಆಗ ಅವನಿಗೆ ಇಪ್ಪತ್ತಾರು ವರ್ಷ.

"ಪೀಠಿಕೆ, ವಿವರಣೆ, ಉಪಸಂಹಾರ ಅಂತ ಎಲ್ಲಾರೂ ಹೇಳ್ತಾರ. ಅದಕ್ಕಿಂತ ಮೊದಲಿಂದು ನಾ ಹೇಳ್ತೀನಿ. ನೀ ಏನು ಹೇಳಾಕ ಹೊಂಟೀಯಲೇ? ಅದನ್ನ ಒಂದ ಸಾಲಿನಾಗ ಬರಿ. ಆಕಳು ಸಾಧು ಪ್ರಾಣಿ ಅಂದ್ರ ಯಾರು ಜಗಳಾಡ್ತಾರ? ಯಾರಾದ್ರೂ ಎದ್ದು ನಿಂತು ಇಲ್ಲ ಅನ್ನುವಂಥ ಮಾತು ಬರಿ. ಆಮ್ಯಾಲೆ ಒಂದೊಂದು ಪ್ಯಾರಾದಾಗ ಒಂದೊಂದು ಸಾಕ್ಷಿ ತಂದು ನಿಲ್ಲಿಸು. ಸಾಲಿಗೂ ಸಾಕ್ಷಿಗೂ ಸಂಬಂಧ ಇಲ್ಲಂದ್ರ ಅದು ಪ್ರಬಂಧ ಅಲ್ಲ, ಸಂತಿ."

ಇದನ್ನು ಅವನು ಬರೀ ಬಾಯಿಮಾತಿಗೆ ಹೇಳುತ್ತಿರಲಿಲ್ಲ. ಹರಪನಹಳ್ಳಿ ಕಡೆಯ ಅರಸೀಕೆರೆಯ ಅವರ ಕೇರಿಯಲ್ಲಿ ಬಿ.ಎ., ಬಿ.ಎಡ್. ಮುಗಿಸಿದ ಮೊದಲಿಗ ಅವನು. ಉದಾಹರಣೆಗೆ ಸಿಗುವ ಮೊದಲ ಮಾತು ಸದಾ ತನ್ನ ಬದುಕಿನದೇ. "ನಮ್ಮಕ್ಕ ದುರುಗಮ್ಮ ಏಳನೇತ್ತಕ್ಕ ಶಾಲಿ ಬಿಟ್ಲು. ಬಡತನ. ಆಕಿ ಬಿಟ್ಟಳಂತ ನಾ ಓದಿದೆ" ಎಂದು ವರ್ಷಕ್ಕೆ ನಾಲ್ಕು ಸಲವಾದರೂ ಹೇಳಿ ಕಣ್ಣು ಒರೆಸಿಕೊಳ್ಳುತ್ತಿದ್ದ.

೧೯೭೯ರಲ್ಲಿ ಮಕ್ಕಳ ವರ್ಷದ ಸಲುವಾಗಿ ಹರಪನಹಳ್ಳಿಯಲ್ಲಿ ತಾಲ್ಲೂಕು ಮಟ್ಟದ ಪ್ರಬಂಧ ಸ್ಪರ್ಧೆ ಏರ್ಪಾಟಾಯಿತು. ವಿಷಯ: "ಹೆಣ್ಣುಮಕ್ಕಳು ಶಾಲೆ ಬಿಡಲು ಕಾರಣವೇನು?" ಒಂಬತ್ತನೇ ತರಗತಿಯಲ್ಲಿ ನಲವತ್ತೊಂದು ಮಕ್ಕಳಿದ್ದರು, ಅವರಲ್ಲಿ ಹುಡುಗಿಯರು ಐದೇ ಮಂದಿ. ಕುರಿ ಸಾಕುವ ಕರಿಸಿದ್ದಪ್ಪನ ಮಗಳು ಪಾಲಮ್ಮ ಅವರಲ್ಲೊಬ್ಬಳು. ಮಾತು ಕಡಿಮೆ, ಅಕ್ಷರ ದುಂಡಗೆ. ಮೂರು ವಾರ ಹಿಡಿದು ಬರೆದು, ಒಂದು ಮಧ್ಯಾಹ್ನ ಗಾಳೆಪ್ಪನ ಮೇಜಿನ ಮೇಲೆ ಎಂಟು ಪುಟ ಇಟ್ಟು ಹೋದಳು.

ಮೊದಲ ಸಾಲು ಹೀಗಿತ್ತು: "ನಮ್ಮೂರಿನ ಹೆಣ್ಣುಮಕ್ಕಳು ಶಾಲೆ ಬಿಡುತ್ತಿರುವುದು ಬಡತನದಿಂದಲ್ಲ, ಶಾಲೆಯಲ್ಲಿ ಪಾಯಖಾನೆ ಇಲ್ಲದ್ದರಿಂದ."

ಗಾಳೆಪ್ಪ ಸುತ್ತ ನೋಡಿದ. ಸ್ಟಾಫ್ ರೂಮಿನಲ್ಲಿ ಯಾರೂ ಇರಲಿಲ್ಲ. ಆದರೂ ಹಾಳೆಯನ್ನು ಮಗುಚಿ ಇಟ್ಟ. ಸ್ವಲ್ಪ ಹೊತ್ತಿನ ಮೇಲೆ ಎತ್ತಿಕೊಂಡು ಓದಿದ. ಯಾವ ಹುಡುಗಿ ಮಧ್ಯಾಹ್ನದ ಬಿಡುವಿಗೆ ಮನೆಗೆ ಹೋದವಳು ತಿರುಗಿ ಬರಲಿಲ್ಲ, ತಿಂಗಳಲ್ಲಿ ಯಾರು ಎಷ್ಟು ದಿನ ತಪ್ಪಿಸಿದರು ಎಂಬುದೆಲ್ಲ ಲೆಕ್ಕ ಸಮೇತ ಇತ್ತು. ಬೆಳಿಗ್ಗೆಯಿಂದ ಸಂಜೆಯವರೆಗೆ ಒಂದು ಗುಟುಕು ನೀರು ಕುಡಿಯದೆ ಕೂರುವ ಹುಡುಗಿಯರ ತಲೆನೋವಿನ ಸುದ್ದಿಯಿತ್ತು. ನೂರೈವತ್ತು ಕುರಿ ಇರುವ ಮನೆಯ ಹುಡುಗಿ ಶಾಲೆ ಬಿಟ್ಟಿದ್ದಳು. ಕೂಲಿಯವರ ಮನೆಯ ಸುಂಕಮ್ಮ ಹರಪನಹಳ್ಳಿಯಲ್ಲಿ ಚಿಕ್ಕಮ್ಮನ ಮನೆಯಲ್ಲಿದ್ದು, ಪಾಯಖಾನೆ ಇರುವ ಶಾಲೆಗೆ ಹೋಗಿ ಹತ್ತನೇ ತರಗತಿ ಓದುತ್ತಿದ್ದಳು. ಒಂದು ಸಾಕ್ಷಿಯೂ ಅಲುಗಾಡುವಂತಿರಲಿಲ್ಲ. ಅವನು ಕಲಿಸಿದ್ದಕ್ಕಿಂತ ಚೆನ್ನಾಗಿ ಬರೆದಿದ್ದಳು.

ಆದರೆ ಅವನ ನೌಕರಿ ಇನ್ನೂ ಕಾಯಂ ಆಗಿರಲಿಲ್ಲ. ಹೆಡ್‌ಮಾಸ್ತರರ ವರದಿ ಮಾರ್ಚಿನಲ್ಲಿ ಹೋಗಬೇಕು. ಶಾಲೆಯ ಮರ್ಯಾದೆ ಹೀಗೆ ತಾಲ್ಲೂಕಿನ ಮುಂದೆ ಹೋದರೆ ಅವರು ಏನು ಬರೆಯುತ್ತಾರೆ? ಅದೂ ಅಲ್ಲದೆ, ಆ ಶಬ್ದವನ್ನು ಒಬ್ಬ ಹುಡುಗಿ ಬರೆದಳು, ಗಂಡಸು ಮೇಷ್ಟ್ರು ತಿದ್ದಿ ಕಳಿಸಿದ ಎಂದರೆ? ಮರುದಿನ ಅವಳನ್ನು ಕರೆದ.

"ಪ್ರಬಂಧ ಚಲೋ ಐತಿ. ಮೊದಲನೇ ಸಾಲು ಒಂದು ಬದಲಾಗಬೇಕು. ಬಡತನವೇ ಕಾರಣ ಅಂತ ಹಾಕು."

ಪಾಲಮ್ಮ ಹಾಳೆ ನೋಡಿದಳು. "ಸಾರ್, ಬಡತನ ಅಂದ್ರ ಕೆಳಗ ಬರ್ದಿದ್ದು ಯಾವುದೂ ಹೊಂದಂಗಿಲ್ರಿ."

"ಹೊಂದತೈತಿ. ಆ ಶಬ್ದ ಇದ್ದಲ್ಲೆಲ್ಲ ಸೌಕರ್ಯ ಅಂತ ಮಾಡು. ನಾ ಹೇಳೀನಲ್ಲ?"

ಅವಳು ಅಲ್ಲೇ ಕೂತು, ಅವನ ಮುಂದೆಯೇ ಹೊಸ ಹಾಳೆಗೆ ನಕಲು ಮಾಡಿಕೊಟ್ಟಳು.

ಆಯ್ದ ಹತ್ತು ಪ್ರಬಂಧಗಳಲ್ಲಿ ಅವಳದೂ ಬಂತು. ಬಹುಮಾನದ ದಿನ ಹರಪನಹಳ್ಳಿಯ ಸಭೆಯಲ್ಲಿ ಪಾಲಮ್ಮ ಹಸಿರು ಲಂಗ ಉಟ್ಟು ಮೂರನೇ ಸಾಲಿನಲ್ಲಿ ಕೂತಿದ್ದಳು. ಪಕ್ಕದಲ್ಲಿ ಪೇಟ ಸುತ್ತಿದ ಕರಿಸಿದ್ದಪ್ಪ. ಗಾಳೆಪ್ಪ ಅವರ ಹಿಂದೆ. ತೀರ್ಪುಗಾರರು ನಿವೃತ್ತ ಅಧ್ಯಾಪಕರು, ಹಾಸ್ಯಪ್ರಿಯರು. ಒಂದೊಂದೇ ಪ್ರಬಂಧದ ಗುಣದೋಷ ಹೇಳುತ್ತಾ ಅವಳದಕ್ಕೆ ಬಂದರು.

"ಈ ಹುಡುಗಿ ಬಡತನವೇ ಕಾರಣ ಅಂತ ಶುರು ಮಾಡ್ತಾಳ. ಮುಂದ ನೋಡಿದ್ರ ನೂರೈವತ್ತು ಕುರಿ ಇರೋ ಮನಿ ಹುಡುಗಿ ಶಾಲಿ ಬಿಡ್ತಾಳ, ಕೂಲಿಯವರ ಹುಡುಗಿ ಓದ್ತಾಳ! ತಾನು ಏನು ಹೇಳಾಕ ಹೊಂಟೀನಿ ಅನ್ನೋದು ಪಾಪ ಆಕಿಗೇ ಗೊತ್ತಿಲ್ಲ. ಕುರಿ ಒಂದು ಕಡಿ, ಕುರುಬ ಒಂದು ಕಡಿ."

ಸಭೆ ಗೊಳ್ಳೆಂದು ನಕ್ಕಿತು. ಕರಿಸಿದ್ದಪ್ಪನಿಗೆ ಏನೂ ತಿಳಿಯದೆ ಅವನೂ ನಕ್ಕ. ಪಾಲಮ್ಮ ಮಾತ್ರ ನಿಧಾನಕ್ಕೆ ಹಿಂತಿರುಗಿ ಮೇಷ್ಟ್ರ ಮುಖ ನೋಡಿದಳು. ಎದ್ದು ನಿಂತು, ಸ್ವಾಮಿ, ಆ ಸಾಲು ಆಕೆಯದಲ್ಲ, ನನ್ನದು ಎಂದುಬಿಟ್ಟರೆ ಮುಗಿಯುತ್ತಿತ್ತು. ಗಾಳೆಪ್ಪ ಬಗ್ಗಿ ಚಪ್ಪಲಿಯ ಉಂಗುಷ್ಠ ಸರಿಮಾಡಿಕೊಂಡ. ಅದು ಸರಿಯಾಗಿಯೇ ಇತ್ತು.

ಆಮೇಲೆ ತರಗತಿಯಲ್ಲಿ ಪಾಲಮ್ಮ ಪ್ರಬಂಧ ಬರೆಯುವುದನ್ನು ಬಿಡಲಿಲ್ಲ. ಬಿಟ್ಟಿದ್ದರೆ ಅವನಿಗೆ ಎಷ್ಟೋ ಹಗುರಾಗುತ್ತಿತ್ತು. ದೀಪಾವಳಿ, ಸಾಕ್ಷರತೆ, ವಿಜ್ಞಾನದ ಉಪಯೋಗ, ಯಾವುದು ಕೊಟ್ಟರೂ ಗೈಡಿನಲ್ಲಿದ್ದಂತೆ ಒಂದೂವರೆ ಪುಟ ಬರೆದು ಕೊಡುತ್ತಿದ್ದಳು. ತಪ್ಪೇ ಇರುತ್ತಿರಲಿಲ್ಲ. ಕೆಂಪು ಮಸಿ ಹಿಡಿದು ಕೂತ ಗಾಳೆಪ್ಪನಿಗೆ ಗುರುತು ಹಾಕಲು ಜಾಗವೇ ಸಿಗುತ್ತಿರಲಿಲ್ಲ. ಮಾರ್ಚಿನಲ್ಲಿ ನೌಕರಿ ಕಾಯಂ ಆಯಿತು. ಪೇಡೆ ತಂದು ಹಂಚಿದ, ತಾನು ತಿನ್ನಲಿಲ್ಲ.

ಬೇಸಿಗೆ ರಜೆಗೆ ಊರಿಗೆ ಹೋದಾಗ, ಅಕ್ಕ ಅಂಗಳದಲ್ಲಿ ಜೋಳ ಹಸನು ಮಾಡುತ್ತಿದ್ದಾಗ, ಬಹಳ ಹೊತ್ತು ಸುತ್ತಿ ಬಳಸಿ ಕೇಳಿದ. "ಅಕ್ಕ, ನೀ ಶಾಲಿ ಯಾಕ ಬಿಟ್ಟಿ?"

ದುರುಗಮ್ಮ ಮೊರ ನಿಲ್ಲಿಸಿದಳು. "ಅದನ್ನ ಈಗ ಕೇಳ್ತೀಯೇನಲೇ?"

"ಬಡತನಕ್ಕ ಅಲ್ಲೇನು?"

"ಬಡತನ ನನಗೊಬ್ಬಾಕಿಗೆ ಇತ್ತೇನು? ನಿನಗೂ ಇತ್ತಲ್ಲ, ನೀ ಓದಿದಿಯಲ್ಲ." ಅವಳು ಜೋಳ ಕೇರತೊಡಗಿದಳು. "ಒಂದಿನ ಶಾಲ್ಯಾಗ ಉಟ್ಟ ಪರಕಾರಕ್ಕ ಕೆಂಪು ಕಲೆ ಆತು. ಹೋಗಾಕ ಒಂದು ಮರೆಯಾದ ಜಾಗ ಇರಲಿಲ್ಲ. ಹುಡುಗರು ನೋಡಿ ನಕ್ಕರು. ಮರುದಿನ ಹೋಗಾಕ ಕಾಲು ಬರಲಿಲ್ಲ. ಯಾರ ಮುಂದ ಹೇಳಲಿ? ಕೂಲಿಗೆ ಹೊಕ್ಕೀನಿ ಅಂದೆ, ಅವ್ವ ಹೂಂ ಅಂದ್ಲು."

ಗಾಳೆಪ್ಪ ಕಂಬಕ್ಕೆ ಒರಗಿ ಕೂತ. ಹದಿನೈದು ವರ್ಷ ಅಕ್ಕನ ಹೆಸರು ಹೇಳಿ ಕಣ್ಣೊರೆಸಿಕೊಂಡಿದ್ದ. ಒಂದು ದಿನವೂ ಅವಳನ್ನು ಕೇಳಿರಲಿಲ್ಲ.

ಜೂನಿನಲ್ಲಿ ಶಾಲೆ ತೆರೆದಾಗ ಪಾಲಮ್ಮ ಬರಲಿಲ್ಲ. ವಾರ ಕಾದು, ಅವರ ಹಟ್ಟಿಗೆ ಹೋದ. ಕರಿಸಿದ್ದಪ್ಪ ಕಂಬಳಿ ಹಾಸಿ ಕೂರಿಸಿದ. "ನಾ ಬ್ಯಾಡ ಅಂದಿಲ್ರಿ ಸಾರ್. ಆಕೀನ ವಲ್ಲೆ ಅಂತಾಳ."

ಪಾಲಮ್ಮ ಬಾಗಿಲಲ್ಲಿ ನಿಂತಿದ್ದಳು. ಗಾಳೆಪ್ಪ ಅಪ್ಪನ ಎದುರೇ ಎಲ್ಲ ಹೇಳಿದ: ಸಾಲು ತಾನು ಬದಲಿಸಿದ್ದು, ನೌಕರಿಯ ಹೆದರಿಕೆ, ಸಭೆಯಲ್ಲಿ ಬಾಯಿ ಮುಚ್ಚಿ ಕೂತದ್ದು. "ತಪ್ಪಾತವ್ವ" ಅಂದ.

"ಬದಲಿಸಿದ್ದಕ್ಕ ನನಗ ಸಿಟ್ಟಿಲ್ರಿ. ನಕ್ಕಾಗ ನೀವು ಎದ್ದು ನಿಂತಿದ್ರ ಸಾಕಿತ್ರಿ" ಎಂದಳು ಪಾಲಮ್ಮ. ಆಮೇಲೆ ಕೇಳಿದಳು, "ಈಗ ನಿಂತ್ಕೊಂಡು ಓದ್ತೀರೇನ್ರಿ? ಎಲ್ಲಾರ ಮುಂದ?"

ಅವಳ ಹತ್ತಿರ ಹಳೆಯ ಎಂಟು ಪುಟ ಇತ್ತು. ಸೋಮವಾರದ ಪ್ರಾರ್ಥನೆ ಮುಗಿದ ಮೇಲೆ ಗಾಳೆಪ್ಪ ಇಡೀ ಶಾಲೆಯ ಮುಂದೆ, ಇದು ಪಾಲಮ್ಮ ಬರೆದದ್ದು, ಕೆಡಿಸಿದವನು ನಾನು ಎಂದು ಹೇಳಿ ಓದಿದ. ಆ ಶಬ್ದ ಬಂದಾಗ ಹುಡುಗರು ಕಿಸಕ್ಕೆಂದರು; ಅವನು ಓದುವುದನ್ನು ನಿಲ್ಲಿಸಲಿಲ್ಲ. ಹೆಡ್‌ಮಾಸ್ತರರು ಅರ್ಧಕ್ಕೇ ಒಳಗೆ ಹೋದರು. ಸಂಜೆ ಮೆಮೊ ಬಂತು. ಮರುದಿನ ಪಾಲಮ್ಮ ಹತ್ತನೇ ತರಗತಿಯಲ್ಲಿ ಬಂದು ಕೂತಳು.

ಅದೇ ಪ್ರಬಂಧಕ್ಕೆ ಮೇಷ್ಟ್ರೂ ಪಾಲಮ್ಮನೂ ಊರಿನ ಎಪ್ಪತ್ತು ಹೆಂಗಸರ ಹೆಬ್ಬೆಟ್ಟು ಹಾಕಿಸಿ ಅರ್ಜಿ ಮಾಡಿ ಕಳಿಸಿದರು. ತಾಲ್ಲೂಕು ಕಚೇರಿಗೆ ತಿರುಗಿ ತಿರುಗಿ ಮೂರು ವರ್ಷ ಹಿಡಿಯಿತು. ಪಾಲಮ್ಮ ಎಸ್.ಎಸ್.ಎಲ್.ಸಿ. ಮುಗಿಸಿ, ಟಿ.ಸಿ.ಎಚ್. ಓದಿ, ಇಟ್ಟಿಗಿಯಲ್ಲಿ ಟೀಚರಾದಳು. ಶಾಲೆಯ ಹಿಂದೆ ಎರಡು ಪಾಯಖಾನೆ ಕೋಣೆ ಎದ್ದಾಗ ಅವಳು ಅಲ್ಲಿರಲಿಲ್ಲ. ಊರಿನವರು ಗಾಳೆಪ್ಪನಿಗೆ ಹಾರ ಹಾಕಲು ಬಂದರು. ಬೇಡವೆಂದ. ಅದನ್ನು ಅವರು ದೊಡ್ಡತನ ಎಂದುಕೊಂಡರು.

ಕಟ್ಟಿದ ಕೋಣೆಗಳಿಗೆ ಹೆಡ್‌ಮಾಸ್ತರರು ಬೀಗ ಜಡಿದರು, ಇನ್‌ಸ್ಪೆಕ್ಟರು ಬಂದಾಗ ಸ್ವಚ್ಛವಾಗಿರಲಿ ಎಂದು. ಗಾಳೆಪ್ಪ ಜಗಳಾಡಿ ಕೀಲಿ ಇಸಿದುಕೊಂಡ. ೧೯೮೬ರಲ್ಲಿ ಕೂಡ್ಲಿಗಿಗೆ ವರ್ಗವಾಗುವವರೆಗೆ ದಿನಾ ಬೆಳಿಗ್ಗೆ ಎಲ್ಲರಿಗಿಂತ ಮೊದಲು ಬಂದು, ಬೀಗ ತೆಗೆದು, ಬಾವಿಯಿಂದ ನಾಲ್ಕು ಕೊಡ ನೀರು ಸೇದಿ ತಾನೇ ತುಂಬಿಸಿಡುತ್ತಿದ್ದ. ಉಳಿದ ಮೇಷ್ಟ್ರುಗಳು ನಗುತ್ತಿದ್ದರು. "ಏನ್ ಗಾಳೆಪ್ಪ, ಬಿ.ಎ. ಓದಿದ್ದು ಇದಕ್ಕೇನಪ?" ಅವನು ಕೊಡ ಬಗ್ಗಿಸಿ, ಕೈ ಒರೆಸಿಕೊಂಡು ತರಗತಿಗೆ ಹೋಗುತ್ತಿದ್ದ.