ಏಳನೆಯ ಇಯತ್ತೆಯ ಬುತ್ತಿ

ಮುದ್ದೇಬಿಹಾಳದ ಮೊದಲ ಬೆಳಿಗ್ಗೆ ನನ್ನನ್ನು ಎಬ್ಬಿಸಿದ್ದು ಹೊಡೆತದ ಸದ್ದು. ಗೋಡೆಯಾಚೆ ಯಾರೋ ಯಾರನ್ನೋ ಬಡಿಯುತ್ತಿದ್ದಾರೆಂದು ಎದ್ದು ಕುಳಿತೆ. ಸದ್ದು ಎದುರು ಮನೆಯಿಂದಲೂ ಬಂತು, ಅದರ ಪಕ್ಕದ ಮನೆಯಿಂದಲೂ. ಓಣಿಯ ತುಂಬ ಜೋಳದ ರೊಟ್ಟಿ ಬಡಿಯುತ್ತಿದ್ದರು.

ಕನ್ನಡನಾಡು ಒಂದಾದ ಮರುವರ್ಷ ಮೈಸೂರಿನಿಂದ ಇಲ್ಲಿಯ ಹೆಣ್ಣುಮಕ್ಕಳ ಶಾಲೆಗೆ ಕಲಿಸಲು ಬಂದೆ. ಅಲ್ಲಿ ನಾವು ತಲೆ ಎಣಿಸಿ ಅಕ್ಕಿ ಅಳೆಯುತ್ತೇವೆ. ಇಲ್ಲಿ ಯಾರಾದರೂ ಬಂದಾರೆಂದು ಮನೆಮನೆಯಲ್ಲೂ ನಾಲ್ಕು ರೊಟ್ಟಿ ಹೆಚ್ಚು. ಯಾರೂ ಬರದಿದ್ದರೆ ಎಮ್ಮೆಯ ಪಾಲು. ಆದರೆ ಹಳ್ಳಿಗಳಿಂದ ನಡೆದು ಬರುವ ನನ್ನ ಹುಡುಗಿಯರು ಮಧ್ಯಾಹ್ನ ಹಸಿದು ಮನೆಗೆ ಹೋದವರು ತಿರುಗಿ ಬರುತ್ತಿರಲಿಲ್ಲ. ಹಾಜರಿ ಹೀಗೇ ಇದ್ದರೆ ತನಿಖೆಯ ನಂತರ ಏಳನೆಯ ಇಯತ್ತೆ, ಅಂದರೆ ಏಳನೆಯ ತರಗತಿ, ಮುಚ್ಚುತ್ತದೆಂದು ಹೆಡ್‌ಮಾಸ್ತರರು ಹೇಳಿದರು.

ಮಿಕ್ಕ ರೊಟ್ಟಿ ಕೇಳಿಕೊಂಡು ಮನೆಮನೆಗೆ ಹೋದೆ. ಹಿಂದೂಗಳೂ ಮುಸಲ್ಮಾನರೂ ಕೊಟ್ಟರು. ಮೆತ್ತಗಿರಲೆಂದು ಒದ್ದೆ ಬಟ್ಟೆ ಸುತ್ತಿ ಡಬ್ಬಿಯಲ್ಲಿ ಮುಚ್ಚಿಟ್ಟೆ. ಸೋಮವಾರ ತೆರೆದರೆ ಬೂಷ್ಟು. ಅದಕ್ಕೂ ಮೊದಲು ನಾನು ಹಂಚಿದ್ದ ಒಳ್ಳೆಯ ರೊಟ್ಟಿಯನ್ನೂ ಹುಡುಗಿಯರು ಮುಟ್ಟಿರಲಿಲ್ಲ. ಒಬ್ಬಳು ನೆಲ ನೋಡುತ್ತ ಹೇಳಿದಳು: “ತಂಗಳಾ ತಿನ್ನಾಕ ಸಾಲಿಗಿ ಬರೂದಿಲ್ರಿ, ಅಕ್ಕೋರ.” ಶಿಕ್ಷಕಿಯನ್ನು ಇಲ್ಲಿ ಹಾಗೆ ಕರೆಯುತ್ತಾರೆ.

ನನಗೆ ಕೋಣೆ ಕೊಟ್ಟಿದ್ದ ನೀಲವ್ವ ಡಬ್ಬಿಯಲ್ಲಿ ಇಣುಕಿ ನಕ್ಕರು. “ಎಷ್ಟ್ ಓದೀರೆವಾ? ರೊಟ್ಟಿಗಿ ಹಾಸಿಗಿ ಹಾಸಿ, ಹೊಚ್ಚಿ ಮಲಗಿಸೀರಲ್ಲ.” ಆಮೇಲೆ ಗಂಭೀರವಾದರು. “ಉಳದದ್ದ ಕೇಳಬ್ಯಾಡ್ರಿ. ಅದ ಹಿಟ್ಟು ತೆಳ್ಳಗ ಬಡದು, ಕಟಕ್ ಒಣಗಿಸಿ ಕೊಡ್ರಿ ಅನ್ರಿ. ಅದು ತಂಗಳಲ್ಲ, ಬುತ್ತಿ.”

ಎಮ್ಮೆಗೆ ಹೋಗುತ್ತಿದ್ದ ಹಿಟ್ಟು ತಿಂಗಳುಗಟ್ಟಲೆ ಕೆಡದ ರೊಟ್ಟಿಯಾಯಿತು. ನೀಲವ್ವ ಮುಂದೆ, ನಾನು ಹಿಂದೆ, ಓಣಿ ಓಣಿ ಸುತ್ತಿದೆವು. ಸಂತೆ ಮುಗಿಯುವಾಗ ನೆಲದಲ್ಲೇ ಬಾಡುತ್ತಿದ್ದ ಮೆಂತ್ಯವೂ ಉಳ್ಳಾಗಡ್ಡಿಯೂ ನಮ್ಮ ಬುಟ್ಟಿಗೆ ಬಂದವು. ಇಲ್ಲಿ ಹಿಂಡಿಯೆನ್ನುವ ಶೇಂಗಾ ಚಟ್ನಿಪುಡಿಯನ್ನು ಹುಡುಗಿಯರೇ ಕುಟ್ಟಿದರು. ‘ಬುತ್ತಿ ಬಿಚ್ಚೂಣ’ ಎಂದು ಸುತ್ತ ಕುಳಿತರು. ಎಲ್ಲರ ಹಲ್ಲಿನ ಸದ್ದು ಅಂಗಳಕ್ಕೆ ಕೇಳಿಸಿತು.

ತನಿಖೆಯ ಅಧಿಕಾರಿಗಳು ಬೇಕೆಂದೇ ಮಧ್ಯಾಹ್ನ ಬಂದರು. ಒಂದು ಮಣೆಯೂ ಖಾಲಿ ಇರಲಿಲ್ಲ. ಇಯತ್ತೆ ಮುಂದುವರಿಯಲಿ ಎಂದು ಬರೆದು, ನನ್ನ ಊರು ಯಾವುದೆಂದು ಕೇಳಿದರು. ಮೈಸೂರು ಎಂದೆ.

ಬುಟ್ಟಿ ಒಯ್ಯಲು ಬಂದಿದ್ದ ನೀಲವ್ವ ಬಾಗಿಲಲ್ಲೇ ನಿಂತು, “ಅದು ತವರಮನಿರಿ ಸಾಹೇಬ್ರ, ಊರು ಇದ” ಎಂದರು.

ಮದುವೆಯೇ ಆಗದ ನನಗೆ ತವರು ಬೇರೆ, ಊರು ಬೇರೆ ಆಗಿತ್ತು. ನಾನು ನೀಲವ್ವನನ್ನು ತಿದ್ದಲಿಲ್ಲ. ಅಧಿಕಾರಿಗಳು ಬರೆದುಕೊಂಡ ಮೈಸೂರನ್ನೂ ಹೊಡೆದುಹಾಕಿಸಲಿಲ್ಲ.