ವರ್ತಕರ ಸಂಘದ ತೂಕದಕ್ಕ

ಪೇಟೆ ಬೀದಿಯ ನಡುವೆ ವರ್ತಕರ ಸಂಘದ ಕಟ್ಟಡ. ಮೇಲೆ ಸಭೆ ಸೇರುವ ಉದ್ದನೆಯ ಹಜಾರ, ಕೆಳಗೆ ಎರಡು ಕೋಣೆ. ಬೀದಿಗೆ ಬಾಗಿಲು ತೆರೆಯುವ ಕೋಣೆಯಲ್ಲಿ ಒಂದು ದೊಡ್ಡ ತಕ್ಕಡಿ, ಗಾಜಿನ ಬಾಗಿಲಿನ ಕಪಾಟು, ಕಪಾಟಿನೊಳಗೆ ಮಖಮಲ್ಲಿನ ಗುಳಿಗಳಲ್ಲಿ ಕೂತ ಐದು ಹಿತ್ತಾಳೆಯ ತೂಕದ ಬಟ್ಟುಗಳು. ಆ ಕೋಣೆಯಲ್ಲಿ ಮೂವತ್ತೊಂದು ವರ್ಷ ಕೆಲಸ ಮಾಡಿದವಳನ್ನು ಊರು ತೂಕದಕ್ಕ ಎಂದೇ ಕರೆಯಿತು. ಹೆತ್ತವರು ಇಟ್ಟ ಹೆಸರು ಮತದಾರರ ಪಟ್ಟಿಯಲ್ಲಿ ಮಾತ್ರ ಉಳಿದಿತ್ತು.

ಸಂಘ ಹುಟ್ಟಿದ್ದೇ ತೂಕದ ಜಗಳದಿಂದ. ಹಿಂದೆ ಪೇಟೆಯಲ್ಲಿ ಅಂಗಡಿಗೊಂದು ತೂಕವಿತ್ತು. ಒಬ್ಬನದು ಕಬ್ಬಿಣದ ಬಟ್ಟು, ಇನ್ನೊಬ್ಬನದು ಕಲ್ಲು, ಮತ್ತೊಬ್ಬನದು ಹಳೇ ಬೀಗ. ತೂಕದ ಮೇಲೆ ನಂಬಿಕೆಯಿಲ್ಲದ್ದರಿಂದ ಗಿರಾಕಿಗಳು ಪ್ರತಿ ಸಲವೂ ‘ಕೊಸರು ಹಾಕು’ ಎಂದು ಕಾಡುತ್ತಿದ್ದರು. ಅಂಗಡಿಯವರು ಅಳತೆಯ ಮೇಲೆ ಒಂದು ಹಿಡಿ ಹೆಚ್ಚಿಗೆ ಹಾಕುತ್ತಿದ್ದರು, ಆ ಹಿಡಿಯನ್ನು ಮೊದಲೇ ತೂಕದಲ್ಲಿ ಕದ್ದಿಟ್ಟಿರುತ್ತಿದ್ದರು. ಒಂದು ಸಂತೆಯ ದಿನ ಮಾತಿಗೆ ಮಾತು ಬೆಳೆದು ಒಬ್ಬನ ತಲೆ ಒಡೆಯಿತು. ಸುತ್ತಲಿನ ಹಳ್ಳಿಯವರು ಈ ಪೇಟೆಗೆ ಕಾಲಿಡುವುದನ್ನೇ ಬಿಟ್ಟರು. ಆಗ ಹನ್ನೊಂದು ಮಂದಿ ಅಂಗಡಿಯವರು ಒಟ್ಟಿಗೆ ಕೂತು ಸಂಘ ಕಟ್ಟಿದರು, ದೂರದ ನಗರದಿಂದ ಹಿತ್ತಾಳೆ ಬಟ್ಟುಗಳನ್ನು ತರಿಸಿದರು. ವರ್ಷಕ್ಕೊಮ್ಮೆ ಪ್ರತಿ ಅಂಗಡಿಯ ಬಟ್ಟೂ ಅವುಗಳ ಎದುರು ತಕ್ಕಡಿ ಏರಬೇಕು, ಸರಿಯಿದ್ದರೆ ಸಂಘದ ಮುದ್ರೆ. ತೂಕ ಸರಿಯಿರುವುದರಿಂದ ಇನ್ನು ಕೊಸರು ಇಲ್ಲ. ಇದು ಮೊದಲ ಸಭೆಯ ಮೊದಲ ನಿರ್ಣಯ.

ಆಮೇಲೆ ಸಂಘ ಬೀದಿದೀಪ ಹಾಕಿಸಿತು, ಬ್ಯಾಂಕಿನ ಶಾಖೆ ತರಿಸಿತು, ಪಾಲುದಾರರ ಜಗಳಗಳನ್ನು ಕೋರ್ಟಿನ ಮೆಟ್ಟಿಲು ಹತ್ತದಂತೆ ಹಜಾರದಲ್ಲೇ ಬಗೆಹರಿಸಿತು. ಆದರೂ ಊರಿಗೆ ಸಂಘವೆಂದರೆ ಅಂಗಡಿಗಳ ಗೋಡೆಯ ಮೇಲಿನ ನೀಲಿ ತಗಡೇ. ‘ಸಂಘ ಪರೀಕ್ಷಿಸಿದ ತೂಕ’ ಎಂದು ಅದರ ಮೇಲೆ ಬರೆದಿರುತ್ತಿತ್ತು.

ಮೊದಲು ಆ ಕೆಲಸ ನೋಡಿಕೊಂಡವನು ತೂಕದಕ್ಕನ ಅಪ್ಪ. ಹಿತ್ತಾಳೆ ಬಟ್ಟನ್ನು ಬರಿಗೈಯಲ್ಲಿ ಮುಟ್ಟುತ್ತಿರಲಿಲ್ಲ, ಮೆತ್ತನೆಯ ಬಟ್ಟೆಯಲ್ಲಿ ಹಿಡಿದು ಎತ್ತುತ್ತಿದ್ದ. ಕಬ್ಬಿಣದ ಬಟ್ಟಿನ ತಳದಲ್ಲಿ ಒಂದು ತೂತು, ತೂತಿನಲ್ಲಿ ಸೀಸ. ಬಟ್ಟು ಹಗುರವಾಗಿದ್ದರೆ ಸೀಸ ತುಂಬುತ್ತಿದ್ದ, ಭಾರವಾಗಿದ್ದರೆ ಕೆರೆದು ತೆಗೆಯುತ್ತಿದ್ದ. ಮಗಳು ಪಕ್ಕದಲ್ಲಿ ಕೂತು ನೋಡುತ್ತ ಬೆಳೆದಳು. ಅವನು ತೀರಿಕೊಂಡಾಗ ಸಂಘದವರು ಬೇರೆ ಯಾರನ್ನೂ ಹುಡುಕಲಿಲ್ಲ.

ಅವಳ ಗಂಡ ದರ್ಜಿ. ಕೊರಳಲ್ಲಿ ಸದಾ ಅಳತೆಪಟ್ಟಿ ನೇತಾಡುತ್ತಿತ್ತು. “ನಮ್ಮನೇಲಿ ನಾನು ಮಾತನ್ನ ಅಳೀತೀನಿ, ಅವಳು ತೂಗ್ತಾಳೆ. ಅದಕ್ಕೇ ಮಕ್ಕಳು ಬಾಯೇ ಬಿಡಲ್ಲ” ಎಂದು ಬಂದವರಿಗೆಲ್ಲ ಹೇಳಿ ನಗಿಸುತ್ತಿದ್ದ.

ಅವಳು ಕೆಲಸಕ್ಕೆ ಸೇರಿದ ಐದನೆಯ ವರ್ಷಕ್ಕೆ ಸಂಘಕ್ಕೆ ಐವತ್ತು ತುಂಬಿತು. ದೊಡ್ಡವರೆಲ್ಲ ಬರುವವರಿದ್ದರು. ಹಿತ್ತಾಳೆ ಬಟ್ಟುಗಳು ಕಂದಿ ಹಸಿರುಗಟ್ಟಿದ್ದನ್ನು ಕಂಡು ಅವಳಿಗೆ ನಾಚಿಕೆಯಾಯಿತು. ಇಟ್ಟಿಗೆ ಪುಡಿ ಹಾಕಿ, ದೇವರ ದೀಪ ಬೆಳಗುವಷ್ಟೇ ಭಕ್ತಿಯಿಂದ ತಿಕ್ಕಿದಳು. ಬಂದವರು ಗಾಜಿನ ಮುಂದೆ ನಿಂತು, “ಚಿನ್ನದ ಹಾಗಿದೆಯಲ್ಲಮ್ಮ!” ಎಂದರು. ಆ ಒಂದು ಮಾತು ಅವಳೊಳಗೆ ಬೇರು ಬಿಟ್ಟಿತು. ಅಂದಿನಿಂದ ಪ್ರತಿ ಸೋಮವಾರ ಬಾಗಿಲು ತೆರೆದ ಕೂಡಲೇ ಅವಳು ಮಾಡುತ್ತಿದ್ದ ಮೊದಲ ಕೆಲಸ ಬಟ್ಟುಗಳನ್ನು ತಿಕ್ಕುವುದು. ಬಾಯಲ್ಲಿ ಪ್ರಾರ್ಥನೆ, ಕೈಯಲ್ಲಿ ಇಟ್ಟಿಗೆ ಪುಡಿ. ಹೀಗೆ ಇಪ್ಪತ್ತಾರು ವರ್ಷ.

ಆ ವರ್ಷಗಳಲ್ಲಿ ಒಂದು ವಿಚಿತ್ರ ನಡೆದಿತ್ತು. ಅಪ್ಪನ ಕಾಲದಲ್ಲಿ ಸೀಸ ಸಾಲದೆ ಕೊಂಡು ತರುತ್ತಿದ್ದರು. ಇವಳ ಕಾಲದಲ್ಲಿ ಅಂಗಡಿಯ ಬಟ್ಟುಗಳೆಲ್ಲ ಸ್ವಲ್ಪ ಸ್ವಲ್ಪ ಭಾರವಾಗಿಯೇ ಬರುತ್ತಿದ್ದವು. ಕೆರೆದ ಸೀಸದ ಚೂರುಗಳಿಂದ ಒಂದು ಬಿಸ್ಕತ್ತಿನ ಡಬ್ಬಿ ತುಂಬಿತು. “ನಮ್ಮ ಪೇಟೆಯವರ ಕೈ ದೊಡ್ಡದು” ಎಂದು ಅವಳು ಗಂಡನ ಹತ್ತಿರ ಹೆಮ್ಮೆಪಟ್ಟಿದ್ದಳು.

ಇನ್ನೂ ಒಂದು ನಡೆದಿತ್ತು. ಆರು ವರ್ಷದ ಹಿಂದೆ, ಬಟ್ಟೆಗೆ ಇಸ್ತ್ರಿ ಹಾಕಿ ಬದುಕುವ ಒಂಟಿ ಮುದುಕಿ, ಎಲ್ಲರ ಇಸ್ತ್ರಿ ಅಜ್ಜಿ, ಒಂದು ಗಾಜಿನ ಬಾಟಲಿ ಹಿಡಿದು ಸಂಘಕ್ಕೆ ಬಂದಿದ್ದಳು. ಅಗಲ ಹೊಟ್ಟೆ, ಸಣ್ಣ ಕುತ್ತಿಗೆಯ ಬಾಟಲಿ. “ಒಂದು ಕೆ.ಜಿ. ಸಕ್ಕರೆ ಸುರಿದ್ರೆ ಮೊದ್ಲು ಕುತ್ತಿಗೆ ತುಂಬ್ತಿತ್ತು ಕಣಮ್ಮ. ಈಗ ಅರ್ಧ ಬೆರಳು ಕೆಳಗೇ ನಿಲ್ತದೆ” ಎಂದಿದ್ದಳು. ತೂಕದಕ್ಕ ದಿನಸಿ ಅಂಗಡಿಯವನನ್ನು ಬಟ್ಟಿನ ಸಮೇತ ಕರೆಸಿ, ಬೀದಿಯಲ್ಲಿ ನೆರೆದವರ ಎದುರಿಗೇ ತಕ್ಕಡಿ ಹಿಡಿದಳು. ಮುಳ್ಳು ನಡುವೆ ನೆಟ್ಟಗೆ ನಿಂತಿತು. “ಅಜ್ಜಿ, ಸಕ್ಕರೆ ಡಬ್ಬದಲ್ಲಿ ಇರುವೆಗೂ ಪಾಲು ಕೊಟ್ಟಿದೀಯೇನೋ ನೋಡು” ಎಂದು ಯಾರೋ ಅಂದರು. ಎಲ್ಲರೂ ನಕ್ಕರು. ತೂಕದಕ್ಕ ನಗಲಿಲ್ಲ, ಆದರೆ ತಡೆಯಲೂ ಇಲ್ಲ. ಅಜ್ಜಿ ಬಾಟಲಿಯನ್ನು ಸೆರಗಿನಲ್ಲಿ ಮುಚ್ಚಿಕೊಂಡು ಹೋದಳು.

ಸತ್ಯ ತಿಳಿದದ್ದು ಶಾಲೆಯ ವಿಜ್ಞಾನದ ಮೇಷ್ಟರಿಂದ. ಶಾಲೆಗೆ ಹೊಸ ತೂಕದ ಯಂತ್ರ ಬಂದಿತ್ತು. ನಿಜವಾದ ಒಂದು ಕಿಲೋ ಹೇಗಿರುತ್ತದೆಂದು ಮಕ್ಕಳಿಗೆ ತೋರಿಸಲು ಅವರು ಸಂಘದ ಬಟ್ಟನ್ನು ಒಂದು ದಿನದ ಮಟ್ಟಿಗೆ ಕೇಳಿ ಒಯ್ದರು. ಮಧ್ಯಾಹ್ನ ತಾವೇ ವಾಪಸು ತಂದು, ಮೇಜಿನ ಮೇಲಿಟ್ಟು, ಬಾಗಿಲು ಮುಂದಕ್ಕೆ ಎಳೆದರು.

“ಅಕ್ಕಾ, ಇದು ಹನ್ನೊಂದು ಗ್ರಾಂ ಕಮ್ಮಿ ಇದೆ.”

“ಯಂತ್ರ ಹೊಸದಲ್ವಾ ಮೇಷ್ಟ್ರೇ, ಇನ್ನೂ ಕೈ ಪಳಗಿರಲ್ಲ.”

“ನಾನೂ ಹಾಗೇ ಅಂದ್ಕೊಂಡೆ. ಔಷಧಿ ಅಂಗಡೀಲೂ ತೂಗಿಸ್ದೆ. ಅಲ್ಲೂ ಅಷ್ಟೇ.” ಅವರು ಬಟ್ಟನ್ನು ಬೆಳಕಿಗೆ ಹಿಡಿದರು. “ಇಲ್ಲಿ ಅಕ್ಷರ ಕೆತ್ತಿತ್ತಲ್ವಾ? ಎಲ್ಲಿ ಹೋಯ್ತು?”

ಅವಳು ನೋಡಿದಳು. ಚಿಕ್ಕಂದಿನಲ್ಲಿ ಬೆರಳಾಡಿಸಿದರೆ ಚುಚ್ಚುತ್ತಿದ್ದ ಅಕ್ಷರಗಳು ಈಗ ನೆರಳಿನಂತೆ ಉಳಿದಿದ್ದವು. ತನ್ನ ಅಂಗೈ ನೋಡಿಕೊಂಡಳು. ಪ್ರತಿ ಸೋಮವಾರ ಹಿತ್ತಾಳೆ ಪುಡಿಯಾಗಿ ಒರೆಸುವ ಬಟ್ಟೆಗೆ ಅಂಟಿ ನೀರಿನಲ್ಲಿ ಹರಿದುಹೋಗಿತ್ತು. ಸವೆದ ಬಟ್ಟಿಗೆ ಹೊಂದಿಸಲು ಅವಳು ಊರಿನ ಸರಿಯಾದ ಬಟ್ಟುಗಳನ್ನೆಲ್ಲ ಕೆರೆದು ಹಗುರ ಮಾಡಿದ್ದಳು. ಎಲ್ಲ ಅಂಗಡಿಯಲ್ಲೂ ಒಂದೇ ತಪ್ಪಿದ್ದುದರಿಂದ ಯಾರ ಕಣ್ಣಿಗೂ ತಪ್ಪು ಬೀಳಲಿಲ್ಲ. ಕಂಡದ್ದು ಒಂದು ಬಾಟಲಿಯ ಕುತ್ತಿಗೆಯಲ್ಲಿ ಮಾತ್ರ.

ಸಂಘದ ಅಧ್ಯಕ್ಷರು ಕಬ್ಬಿಣದಂಗಡಿಯ ಯಜಮಾನರು, ಕೆಟ್ಟವರಲ್ಲ. ಅವಳು ಹೋಗಿ ಹೇಳಿದ್ದನ್ನು ಕೇಳಿದ ಕೂಡಲೇ ಕುರ್ಚಿಗೆ ಒರಗಿ ಕಣ್ಣು ಮುಚ್ಚಿದರು.

“ಹನ್ನೊಂದು ಗ್ರಾಂ ಅಕ್ಕ. ಇಲಿ ತಿಂದ್ರೂ ಅದಕ್ಕಿಂತ ಜಾಸ್ತಿ ತಿನ್ನುತ್ತೆ.”

“ಇಲಿ ಮುದ್ರೆ ಒತ್ತಲ್ಲ ಯಜಮಾನ್ರೇ.”

“ಸರಿ, ಹೊಸ ಬಟ್ಟು ತರಿಸೋಣ. ಈ ವರ್ಷ ಐದಂಗಡಿ, ಬರೋ ವರ್ಷ ಐದಂಗಡಿ, ಹಾಗೇ ಸದ್ದಿಲ್ಲದೆ ಸರಿ ಮಾಡಿಬಿಡು. ಹೆದ್ದಾರಿ ಹತ್ರ ದೊಡ್ಡ ಅಂಗಡಿ ತೆರೆದಿದಾರೆ, ಗಿರಾಕಿಗಳು ಆಗ್ಲೇ ಆ ಕಡೆ ವಾಲ್ತಿದಾರೆ. ನಮ್ಮತ್ರ ಉಳಿದಿರೋದು ಆ ನೀಲಿ ತಗಡೊಂದೇ. ಅದನ್ನೂ ನೀನೇ ಕಿತ್ತು ಬಿಸಾಕ್ತೀಯಾ? ನಿಮ್ಮಪ್ಪ ಕಾಪಾಡಿದ ಹೆಸರು ಅದು.”

ಕೊನೆಯ ಮಾತು ನೇರವಾಗಿ ಎದೆಗೆ ತಾಗಿತು. ವಾರ್ಷಿಕ ಸಭೆಗೆ ಇನ್ನು ಒಂಬತ್ತು ದಿನವಿತ್ತು. ಪ್ರತಿ ವರ್ಷ ಆ ಸಭೆಯಲ್ಲಿ ಅವಳು ಎದ್ದು ನಿಂತು, “ಪೇಟೆಯ ತೂಕ ಸರಿಯಿದೆ” ಎಂಬ ಒಂದೇ ಸಾಲನ್ನು ಓದಬೇಕು. ಓದಿದರೆ ಬಾಯಾರೆ ಸುಳ್ಳು. ಓದದಿದ್ದರೆ ಅಪ್ಪನ ಹೆಸರು, ಸಂಘದ ಮುದ್ರೆ, ತನ್ನ ಕೆಲಸ, ಮೂರೂ ಒಟ್ಟಿಗೆ ಬೀದಿಗೆ. ಬೆಳಿಗ್ಗೆ ದೀಪದ ಮುಂದೆ ಕೂತರೆ ಪ್ರಾರ್ಥನೆ ಅರ್ಧಕ್ಕೇ ನಿಲ್ಲುತ್ತಿತ್ತು. ಬಟ್ಟು ತಿಕ್ಕುವಾಗ ತಾನು ಬೇಡಿದ್ದು ದೇವರನ್ನೋ, ಗಾಜಿನ ಮುಂದೆ ನಿಂತವರ ಹೊಗಳಿಕೆಯನ್ನೋ ಎಂದು ಮೊದಲ ಸಲ ಅನುಮಾನ ಬಂದಿತ್ತು.

ಗಂಡ ಕೇಳುವವರೆಗೂ ಅವಳು ಹೇಳಲಿಲ್ಲ. ಕೇಳಿದಾಗ ಎಲ್ಲ ಹೇಳಿದಳು. ಅವನು ಸೂಜಿಗೆ ದಾರ ಪೋಣಿಸುವುದನ್ನು ನಿಲ್ಲಿಸಿದ.

“ಕತ್ತರಿ ತಪ್ಪಿದ್ರೆ ನಾನು ಬಟ್ಟೆ ಕೊಟ್ಟೋರಿಗೆ ಹೇಳಿಬಿಡ್ತೀನಿ. ಹೇಳ್ದೆ ಹೊಲಿದುಕೊಟ್ರೆ ತೊಟ್ಟ ದಿನ ಕಂಕುಳಲ್ಲಿ ಬಿಗಿಯುತ್ತಲ್ಲ.”

“ಯಾರಿಗೆ ಅಂತ ಹೇಳಲಿ? ಊರಿಗೆಲ್ಲಾ ನನ್ನಿಂದ ಕಮ್ಮಿ ಹೋಗಿದೆ.”

“ಮೊದ್ಲು ಯಾರು ಬಂದು ಕೇಳಿದ್ರೋ ಅವರಿಗೆ ಹೇಳು.”

ಇಸ್ತ್ರಿ ಅಜ್ಜಿಯ ಮನೆ ಒಂದೇ ಕೋಣೆ. ಕೆಂಡದ ಇಸ್ತ್ರಿಪೆಟ್ಟಿಗೆ ಕಿಟಕಿಯ ಪಕ್ಕ ಆರುತ್ತಿತ್ತು. ತೂಕದಕ್ಕ ಕೂರದೆ, ನಿಂತೇ ಎಲ್ಲ ಹೇಳಿ ಮುಗಿಸಿದಳು. ಅಜ್ಜಿ ಕೈಯಲ್ಲಿದ್ದ ಅಂಗಿಯನ್ನು ಮಡಚಿದಳು, ಬಿಚ್ಚಿದಳು, ಮತ್ತೆ ಮಡಚಿದಳು.

“ಬಾಟ್ಲಿ ಸುಳ್ಳು ಹೇಳಲ್ಲ ಅಂತ ನಂಗೆ ಗೊತ್ತಿತ್ತು ಮಗಳೇ. ಆದ್ರೆ ನೀನೂ ಸುಳ್ಳು ಹೇಳೋಳಲ್ಲ. ಅದಕ್ಕೇ ನನ್ನ ಬುದ್ಧಿನೇ ಕೆಡ್ತಾ ಇದೆ ಅಂದ್ಕೊಂಡೆ. ಆವತ್ತಿಂದ ಯಾವುದನ್ನೂ ಗಟ್ಟಿಯಾಗಿ ಹೇಳೋಕೆ ಹೋಗಿಲ್ಲ. ಗಿರಾಕಿಗಳು ಎಂಟು ಅಂಗಿ ಕೊಟ್ಟು ಒಂಬತ್ತು ಅಂದ್ರೂ ಸುಮ್ನಿರ್ತಿದ್ದೆ.”

ತೂಕದಕ್ಕ ಅಲ್ಲೇ ನೆಲದ ಮೇಲೆ ಕೂತಳು. ಸಕ್ಕರೆಯಲ್ಲಿ ಹೋದದ್ದನ್ನು ಲೆಕ್ಕ ಹಾಕಬಹುದಿತ್ತು. ಇದನ್ನು ಇಡಲು ಯಾವ ತಕ್ಕಡಿಯೂ ಇರಲಿಲ್ಲ. ಅಜ್ಜಿಯ ಕೈ ಹಿಡಿದು, “ಸಭೆಗೆ ಬಾ, ಆ ಬಾಟ್ಲಿ ತಗೊಂಡು ಬಾ” ಎಂದಳು.

“ನಂಗ್ಯಾಕಮ್ಮ ದೊಡ್ಡೋರ ಸಭೆ?”

“ಬೀದೀಲಿ ನಿಲ್ಸಿ ತೂಗಿದ್ದೆನಲ್ಲ, ಅದಕ್ಕೆ.”

ವಾರ್ಷಿಕ ಸಭೆಯಲ್ಲಿ ನಲವತ್ತಮೂರು ಅಂಗಡಿಯವರಿದ್ದರು. ಅವಳ ಸರದಿ ಬಂದಾಗ ಅಧ್ಯಕ್ಷರು ಕತ್ತೆತ್ತಲಿಲ್ಲ. ಅವಳು ಕೈಯಲ್ಲಿದ್ದ ಹಾಳೆಯನ್ನು ಮಡಚಿಟ್ಟಳು.

“ಪೇಟೆಯ ತೂಕ ಸರಿಯಿಲ್ಲ. ತಪ್ಪು ನನ್ನದು. ನಮ್ಮಪ್ಪಂದಲ್ಲ, ನಿಮ್ಮಲ್ಲಿ ಯಾರದೂ ಅಲ್ಲ.”

ಹಜಾರದಲ್ಲಿ ಗದ್ದಲವೆದ್ದಿತು. “ಹೊರಗೆ ಗೊತ್ತಾದ್ರೆ ನಮ್ಮ ಗತಿ?” ಎಂದು ಒಬ್ಬ ಕೂಗಿದ. “ಹೊರಗಿನೋರು ಒಳಗೇ ಕೂತಿದಾರಲ್ಲ” ಎಂದು ಇನ್ನೊಬ್ಬ ಬಾಗಿಲ ಬಳಿ ಕೂತ ಅಜ್ಜಿಯತ್ತ ಕೈ ತೋರಿಸಿದ. ತೂಕದಕ್ಕ ಬಟ್ಟನ್ನೂ ಸೀಸದ ಡಬ್ಬಿಯನ್ನೂ ಮುಂದಿಟ್ಟು, ನಡೆದದ್ದನ್ನು ಒಂದೂ ಬಿಡದೆ ಹೇಳಿದಳು. ಆರು ವರ್ಷದ ಹಿಂದೆ ಬೀದಿಯಲ್ಲಿ ಅಜ್ಜಿ ಹೇಳಿದ್ದು ನಿಜ, ತಾನು ತೋರಿಸಿದ್ದು ಸುಳ್ಳು ಎಂದಳು. ಮುದ್ರೆಯನ್ನು ಅಧ್ಯಕ್ಷರ ಮೇಜಿನ ಮೇಲಿಟ್ಟಳು.

ಗದ್ದಲ ತಾನಾಗಿಯೇ ಇಳಿಯಿತು. ಮೊದಲು ಎದ್ದವನು ಆವತ್ತು ಬಟ್ಟು ತಂದಿದ್ದ ದಿನಸಿ ಅಂಗಡಿಯವನು. “ಇರುವೆ ಅಂತ ನಕ್ಕೋರಲ್ಲಿ ನಾನೂ ಇದ್ದೆ ಅಜ್ಜಿ” ಎಂದ. ಅಧ್ಯಕ್ಷರು ಕನ್ನಡಕ ತೆಗೆದು ಒರೆಸಿದರು, ಮತ್ತೆ ಹಾಕಿಕೊಂಡರು, ಮುದ್ರೆಯನ್ನು ಅವಳ ಕಡೆಗೇ ತಳ್ಳಿದರು. “ಕೆರೆದಿದ್ದನ್ನ ನೀನೇ ತುಂಬಬೇಕು. ಬೇರೆಯವರಿಗೆ ಯಾವ ಬಟ್ಟಿಂದ ಎಷ್ಟು ಹೋಗಿದೆ ಅಂತ ಗೊತ್ತಾಗಲ್ಲ” ಎಂದರು. ಅದು ಕ್ಷಮೆಯೋ ಶಿಕ್ಷೆಯೋ ಅವಳಿಗೆ ಕೊನೆಯವರೆಗೂ ತಿಳಿಯಲಿಲ್ಲ.

ಅಂದು ಬರೆದ ನಿರ್ಣಯ ಚಿಕ್ಕದು: ಹೊಸ ಬಟ್ಟುಗಳನ್ನು ತರಿಸುವುದು, ವರ್ಷಕ್ಕೊಮ್ಮೆ ಶಾಲೆಯ ಯಂತ್ರದಲ್ಲಿ ಅವುಗಳನ್ನೂ ಪರೀಕ್ಷಿಸುವುದು, ನಡೆದದ್ದನ್ನು ಪ್ರತಿ ಅಂಗಡಿಯ ಮುಂದೆ ಬರೆದು ಹಚ್ಚುವುದು, ಇನ್ನು ಮುಂದೆ ಇಪ್ಪತ್ತಾರು ವರ್ಷ ಎಲ್ಲ ಗಿರಾಕಿಗಳಿಗೂ ಕೊಸರು ಹಾಕುವುದು.

ಕೆಲವರು ಪೇಟೆ ಬಿಟ್ಟು ಹೆದ್ದಾರಿಯ ಅಂಗಡಿಗೆ ಹೋದರು. ಹೋದವರಲ್ಲಿ ಕೆಲವರು ತಿರುಗಿ ಬಂದರು, ಎಲ್ಲರೂ ಅಲ್ಲ. ತೂಕದಕ್ಕ ಒಂದು ಇಡೀ ಬೇಸಿಗೆ ಸೀಸ ಕರಗಿಸಿ ತುಂಬಿದಳು. ಡಬ್ಬಿ ಖಾಲಿಯಾದ ಮೇಲೂ ಸಾಲದೆ, ಅಪ್ಪನ ಕಾಲದಂತೆ ಕೊಂಡು ತಂದಳು. ಹೊಸ ಬಟ್ಟುಗಳು ದಿನಗಳೆದಂತೆ ಕಂದಿದವು. ಅವಳು ಮೆತ್ತನೆಯ ಬಟ್ಟೆಯಲ್ಲಿ ಧೂಳು ಮಾತ್ರ ಒರೆಸುತ್ತಿದ್ದಳು.

ಮೊದಲ ಸಲ ಸರಿಯಾದ ಬಟ್ಟಿನಲ್ಲಿ ತೂಗಿದ ದಿನ ಅವಳು ದಿನಸಿ ಅಂಗಡಿಯ ಮುಂದೆ ನಿಂತಿದ್ದಳು. ಅಜ್ಜಿ ಬಾಟಲಿ ಹಿಡಿದಿದ್ದಳು, ಅಂಗಡಿಯವನು ಸಕ್ಕರೆ ಸುರಿದ. ಅದು ಹೊಟ್ಟೆ ತುಂಬಿತು, ಕುತ್ತಿಗೆ ಏರಿತು, ಬಾಯಿಯ ಅಂಚಿಗೆ ಬಂದು ನಿಂತಿತು. ಅವನು ಕೊಸರಿಗೆಂದು ಇನ್ನೊಂದು ಹಿಡಿ ಎತ್ತಿಕೊಂಡ.

“ಸಾಕು ಕಣಪ್ಪ, ಹಿಡಿಸಲ್ಲ. ನೋಡು, ಮೊದಲು ಇಲ್ಲೀತನಕ ಬರ್ತಿತ್ತು ಅಂತ ನಾನು ಹೇಳಿರ್ಲಿಲ್ವಾ?” ಎಂದಳು ಅಜ್ಜಿ, ಬೀದಿಗೆಲ್ಲ ಕೇಳುವಷ್ಟು ಗಟ್ಟಿಯಾಗಿ.

“ಹೇಳಿದ್ದೆ ಅಜ್ಜಿ” ಎಂದಳು ತೂಕದಕ್ಕ.