ಹಾಡೋ ಬಟ್ಲು, ಅತ್ತೆಯ ಕಿವಿ

ಮೊನ್ನೆ ಮೊಮ್ಮಗಳು ಫೋನು ತಂದು ಮೂಗಿಗೇ ಹಿಡಿದಳು. "ಅಜ್ಜಿ ನೋಡು, ಸೌಂಡ್ ಹೀಲಿಂಗ್ ಅಂತೆ!" ಚಾಪೆ ಮೇಲೆ ಒಂದಷ್ಟು ಜನ ಕಣ್ಣು ಮುಚ್ಚಿ ಮಲಗಿದ್ದಾರೆ, ಒಬ್ಬಾಕೆ ಬಟ್ಟಲಿನ ಅಂಚಿಗೆ ಕೋಲು ಉಜ್ಜುತ್ತಿದ್ದಾಳೆ. ಗುಂಯ್ ಅಂತ ದನಿ. ನನಗೆ ನಗು ಬಂತು. "ಇದೇನು ಹೊಸದಾ? ನಮ್ಮತ್ತೆ ಹಾಡಿಸ್ತಿದ್ರು ಕಣೇ," ಅಂದೆ. ಅವಳು ನಂಬಲಿಲ್ಲ.

ಎಪ್ಪತ್ತರ ದಶಕದ ಮಾತು. ನಾನು ಹಿರಿಯೂರಿನವಳು, ಹೊಳಲ್ಕೆರೆ ಹತ್ತಿರದ ಹಳ್ಳಿಗೆ ಸೊಸೆಯಾಗಿ ಬಂದಿದ್ದೆ. ಎಸ್ಸೆಸ್ಸೆಲ್ಸಿ ಪಾಸಾಗಿದ್ದ ಸೊಕ್ಕು ಬೇರೆ. ಅತ್ತೆಗೆ ಕಿವಿ ಮಂದ. ಗಂಡಸರ ದಪ್ಪ ದನಿ ಒಂದಿಷ್ಟು ಕೇಳೋದು, ನಾನು ಎಷ್ಟು ಕಿರುಚಿದರೂ ಇಲ್ಲ. "ನಿಂದು ಗುಬ್ಬಿ ದನಿ ಕಣವ್ವ, ನನ್ನ ಕಿವಿಗೆ ಹತ್ತಾದಿಲ್ಲ," ಅನ್ನೋರು. ನನಗೆ ಮೈಯೆಲ್ಲ ಉರಿಯೋದು.

ಅವರ ಹತ್ತಿರ ಒಂದು ಕಂಚಿನ ಬಟ್ಟಲಿತ್ತು. ತವರು ಹಿರೇಗುಂಟನೂರಿನಿಂದ ತಂದದ್ದು. ದಪ್ಪ ಅಂಚು, ಒಳ್ಳೇ ಭಾರ. ಊರಲ್ಲಿ ಯಾವ ಕೂಸು ಬೆಚ್ಚಿ ರಚ್ಚೆ ಹಿಡಿದರೂ ತಾಯಂದಿರು ನಮ್ಮ ಪಡಸಾಲೆಗೆ ಎತ್ತಿಕೊಂಡು ಬರೋರು. ಅತ್ತೆ ಕೊಡ ಹೊರೋ ಸಿಂಬೆಯನ್ನು ನೆಲಕ್ಕಿಟ್ಟು, ಅದರ ಮೇಲೆ ಬಟ್ಲು ಕೂರಿಸಿ, ಮುರಿದ ಕಡಗೋಲಿನ ಹಿಡಿಯಿಂದ ಅಂಚಿನ ಸುತ್ತ ಉಜ್ಜೋರು. ಮೊದಲು ಏನೂ ಇಲ್ಲ. ನಾಲ್ಕೈದು ಸುತ್ತಾದ ಮೇಲೆ ನೆಲದೊಳಗಿಂದ ಎದ್ದ ಹಾಗೆ ದಪ್ಪನೆಯ ದನಿ ಬರೋದು. ಕೂಸು ಅಳು ನಿಲ್ಲಿಸಿ ಪಿಳಿಪಿಳಿ ನೋಡೋದು. ಮಂತ್ರ ಇಲ್ಲ, ತಾಯತ ಇಲ್ಲ. ಬಟ್ಲು ಹಾಡ್ಸೋದು ಅಂತಲೇ ಊರಲ್ಲಿ ಅದಕ್ಕೆ ಹೆಸರು.

ಕೂಸು ಬರದಿದ್ದರೂ ಅತ್ತೆ ದಿನಾ ಬೆಳಿಗ್ಗೆ ಒಂದು ಸಲ ಉಜ್ಜಿ, ಬಗ್ಗಿ ಕಿವಿಗೊಡೋರು. "ಐತೆ. ಇವತ್ತೂ ಐತೆ," ಅಂತ ತಮಗೆ ತಾವೇ ಹೇಳಿಕೊಂಡು ಎದ್ದು ಕೆಲಸಕ್ಕೆ ಹೋಗೋರು. ಕಿವಿ ಇನ್ನೂ ಉಳಿದಿದೆಯಾ ಅಂತ ನೋಡಿಕೊಳ್ಳೋದು ಅದು. ನಾನು ಅಡುಗೆಮನೆಯಲ್ಲಿ ಬಾಯಿಗೆ ಸೆರಗು ಅಡ್ಡ ಹಿಡಿದು ನಗುತ್ತಿದ್ದೆ. ಎಂಥಾ ಕೊಬ್ಬು ನೋಡಿ ನನಗೆ!

"ಬಟ್ಲು ಮಾತ್ರ ಮುಟ್ಬ್ಯಾಡ, ನಾನೇ ಬೆಳಗ್ತೀನಿ," ಅಂದಿದ್ದರು. ಅದಕ್ಕೇ ಮುಟ್ಟಿದೆ. ಒಂದು ದಿನ ಅವರು ಹೊಲಕ್ಕೆ ಹೋದಾಗ ಹುಣಸೆಹಣ್ಣು, ಬೂದಿ ಹಾಕಿ ಫಳಫಳ ಅನ್ನೋ ಹಾಗೆ ತಿಕ್ಕಿದೆ. ತಳಕ್ಕೆ ಅಂಟಿದ್ದ ಹುಣಸೆ ನಾರು ಉದುರಲಿ ಅಂತ ಬೋರಲು ಮಾಡಿ ಒಗೆಯೋ ಕಲ್ಲಿಗೆ ಟಪ್ ಅಂತ ಬಡಿದೆ. ನನ್ನ ತವರಲ್ಲಿ ಇದ್ದದ್ದೆಲ್ಲ ಹಿತ್ತಾಳೆ. ಬಡಿದರೆ ತಗ್ಗು ಬೀಳುತ್ತದೆ, ಅಷ್ಟೇ. ಕಂಚು ಸೀಳುತ್ತದೆ ಅಂತ ನನಗೆ ಯಾರು ಹೇಳಿದ್ದರು? ಅಂಚಿನಿಂದ ಕೆಳಗೆ ಕೂದಲೆಳೆಯಷ್ಟು ಬಿರುಕು. ಒರೆಸಿ, ಸುಮ್ಮನೆ ಗೂಡಿನಲ್ಲಿಟ್ಟೆ.

ಮಾರನೇ ಬೆಳಿಗ್ಗೆ ಅತ್ತೆ ಉಜ್ಜಿದರು. ಬರ್ರ್ ಅಂತ ಒಣ ಸದ್ದು, ಅದೂ ನನಗೆ ಮಾತ್ರ. ಅವರು ಆ ಕಿವಿ ಕೊಟ್ಟರು, ಈ ಕಿವಿ ಕೊಟ್ಟರು, ಮತ್ತೆ ಉಜ್ಜಿದರು. ಕೊನೆಗೆ ಕೋಲು ಕೆಳಗಿಟ್ಟು, "ಹೋತು ಕಣವ್ವ. ಪೂರ್ತಿ ಮುಚ್ಕಂತು," ಅಂದರು.

ನಾನು ತುಟಿ ಬಿಚ್ಚಲಿಲ್ಲ. ಎಂಟು ದಿನ. ಕಿವಿ ಹೋಯಿತು ಅಂತ ನಂಬಿದ ಅತ್ತೆ ಗಂಡಸರ ಮಾತಿಗೂ ಕತ್ತೆತ್ತದ ಹಾಗಾದರು. ಉಂಡರೆ ಉಂಡರು, ಇಲ್ಲವಾದರೆ ಗೋಡೆಗೊರಗಿ ಕೂತರು. ಎಂಟನೇ ದಿನ ಹಿಂದಿನ ಬೀದಿಯ ಹೆಂಗಸು ಕೂಸು ಎತ್ತಿಕೊಂಡು ಬಂದಳು. ಅತ್ತೆ ಕೈ ಆಡಿಸಿ, "ನನ್ ಕೈಲಿ ಆಗಾದಿಲ್ಲವ್ವ. ಕಿವುಡಿ ಏನ್ ಹಾಡ್ಸ್ಯಾಳು, ಹೋಗು," ಅಂದುಬಿಟ್ಟರು. ಆ ಕೂಸು ಬೀದಿ ತಿರುಗೋವರೆಗೂ ಅತ್ತುಕೊಂಡೇ ಹೋಯಿತು. ನನಗೆ ತಡೆಯಲಾಗಲಿಲ್ಲ. ಬಟ್ಲು ತಂದು ಬಾಗಿಲ ಬೆಳಕಿಗೆ ಹಿಡಿದೆ, ಅತ್ತೆಯ ಬೆರಳು ಹಿಡಿದು ಉಗುರನ್ನು ಬಿರುಕಿನ ಮೇಲೆ ಎಳೆದೆ.

"ಒಡೆದಿರೋದು ಬಟ್ಲು, ಅತ್ತೆ! ಕಿವಿ ಅಲ್ಲ! ನಾನೇ ಒಡೆದೆ!"

ಪಕ್ಕದ ಮನೆಯವರಿಗೆಲ್ಲ ಕೇಳಿಸಿತು. ಅತ್ತೆ ಬಿರುಕು ನೋಡಿದರು, ನನ್ನ ಮುಖ ನೋಡಿದರು. ಬೈತಾರೆ ಅಂದುಕೊಂಡರೆ ಗೊಳ್ಳಂತ ನಕ್ಕರು. "ಅಯ್ಯೋ ನಿನ್ನ ಮನೆ ಹಾಳಾಗ! ಬಟ್ಲಾ? ಎಂಟು ದಿನ ಸತ್ತು ಬಿದ್ದಿದ್ನಲ್ಲೇ!" ಹಾಳಾಗಬೇಕಾದ ಮನೆ ಅವರದೇ ಅಂತ ಇಬ್ಬರಿಗೂ ಹೊಳೆಯಲಿಲ್ಲ. ಆಗಲೇ ಸೀರೆ ಬದಲಿಸಿದರು. "ನಡಿ, ದುರ್ಗಕ್ಕೆ ಹೋಗಾಣ. ಹೊಸಾದು ತರಾಣ." ಸಿಂಬೆ, ಕಡಗೋಲಿನ ಹಿಡಿ ಚೀಲಕ್ಕೆ ಹಾಕಿಕೊಂಡರು. ಬಸ್ಸಿನಲ್ಲಿ ಕಿಟಕಿ ಪಕ್ಕ ಕೂತು ದಾರಿಯುದ್ದಕ್ಕೂ ಅದೂ ಇದೂ ಮಾತಾಡಿದರು. ಅಷ್ಟು ಖುಷಿಯಾಗಿ ಅವರನ್ನು ನಾನು ನೋಡಿಯೇ ಇರಲಿಲ್ಲ.

ಪಾತ್ರೆ ಅಂಗಡಿಯ ತುಂಬ ಆಗಲೇ ಸ್ಟೀಲು. ಅಂಗಡಿಯಾತ ಮೂಲೆಯಿಂದ ಐದಾರು ಕಂಚಿನ ಬಟ್ಟಲು ತೆಗೆದಿಟ್ಟ. ಅತ್ತೆ ಅಲ್ಲೇ ನೆಲಕ್ಕೆ ಕೂತು ಮೊದಲನೆಯದನ್ನು ಉಜ್ಜಿದರು. ಕಿಣ್ಣ್ ಅಂತ ಎದ್ದ ದನಿಗೆ ಗಿರಾಕಿಗಳೆಲ್ಲ ತಿರುಗಿ ನೋಡಿದರು. ಅತ್ತೆ ಮಾತ್ರ ನನ್ನ ಕಡೆ ತಿರುಗಿ, "ಬಂತಾ?" ಅಂದರು. ಹೂಂ ಅಂತ ತಲೆ ಹಾಕಿದೆ. ಎರಡನೆಯದು. "ಬಂತಾ?" ಮೂರನೆಯದು. ಅವರ ಕೈ ನಿಧಾನವಾಗುತ್ತಾ ಬಂತು. ಎಲ್ಲವೂ ತೆಳು, ಎಲ್ಲದರದೂ ಗುಬ್ಬಿ ದನಿ, ನನ್ನ ಹಾಗೆ.

"ದಪ್ಪನೇವು ಇಲ್ವೇನ್ರಿ?" ಅಂತ ಕೇಳಿದೆ.

"ಅಂಥವು ಈಗ ಯಾರು ಎರೀತಾರಮ್ಮ?" ಅಂದ ಅಂಗಡಿಯಾತ. ಒಡೆದದ್ದಕ್ಕೆ ಬೆಸುಗೆ ಹಾಕಬಹುದು, ಆದರೆ ದನಿ ಬರಲ್ಲ ಅಂದ.

ಆಗ ನನಗೆ ಅರ್ಥವಾಯಿತು. ಆ ಕಿವಿ ನಂಬಿಕೊಂಡಿದ್ದದ್ದು ಆ ಒಂದು ದನಿ. ಅದನ್ನೇ ನಾನು ಒಗೆಯೋ ಕಲ್ಲಿಗೆ ಬಡಿದಿದ್ದೆ. ಅಂಗಡಿಯಲ್ಲೇ ಅತ್ತುಬಿಟ್ಟೆ. ಅತ್ತೆ ಕಡೆಯ ಬಟ್ಟಲನ್ನು ಸಿಂಬೆ ಸಮೇತ ನನ್ನ ಮುಂದಕ್ಕೆ ಸರಿಸಿ, ಕೋಲನ್ನು ನನ್ನ ಕೈಗೆ ತುರುಕಿದರು. "ಅಳಬ್ಯಾಡ. ನೀನು ಉಜ್ಜು." ಉಜ್ಜಿದೆ. ಐದನೇ ಸುತ್ತಿಗೆ ಹಾಡಿತು.

"ನಿಂಗೆ ಕೇಳ್ತೈತಾ?"

ತಲೆಯಾಡಿಸಿದೆ.

"ಹಂಗಾದ್ರೆ ಇದೇ ಇರ್ಲಿ. ಕೂಸುಗಳಿಗೆ ಬೇಕಲ್ಲ."

ಮಾರನೇ ದಿನ ಹಿಂದಿನ ಬೀದಿಯ ಹೆಂಗಸನ್ನು ಅತ್ತೆಯೇ ಹೋಗಿ ಕರೆತಂದರು. ಕೂಸನ್ನು ತಮ್ಮ ಮಡಿಲಲ್ಲಿ ಮಲಗಿಸಿಕೊಂಡು ಕೂತರು. ನಾನು ಉಜ್ಜಿದೆ. ಬಂತಾ ಅಂತ ಈ ಸಲ ನನ್ನನ್ನು ಕೇಳಲಿಲ್ಲ. ಕೂಸಿನ ಮುಖವನ್ನೇ ನೋಡುತ್ತಿದ್ದರು. ಅದು ಅಳು ನಿಲ್ಲಿಸಿ ಕಣ್ಣರಳಿಸಿತು.

"ಬಂತು," ಅಂದರು ಅತ್ತೆ.